ಕಿರುತೆರೆಯ ಕತ್ತಿ ಕುದುರೆಗಳು



ಬಾನುಲಿಯಲ್ಲಿ ಕೂತು ಟೀವಿ ಧಾರಾವಾಹಿಗಳ ಬಗ್ಗೆ ಮಾತಾಡುವುದೆಂದರೆ ನಮ್ಮ ಜಗಲಿಯಲ್ಲಿ ಕೂತು ಎದುರುಮನೆಯವರನ್ನು ಹೊಗಳಿದ ಹಾಗೆ. ಆದರೂ ಈ ವಿಷಯ ಆರಿಸಿಕೊಂಡಿದ್ದೇನೆ, ಅದಕ್ಕೆ ಕಾರಣವಿದೆ. ಎಂಬತ್ತು ತೊಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಬರುತ್ತಿದ್ದ ರಾಜರಾಣಿಯರ, ಕೋಟೆಕೊತ್ತಲಗಳ, ಕತ್ತಿವರಸೆಯ ಧಾರಾವಾಹಿಗಳನ್ನು ನೋಡಿದ ಯಾರನ್ನಾದರೂ ಮಾತಿಗೆಳೆಯಿರಿ. ಕಥೆ ಹೇಳುವ ಮೊದಲು ಅವರು ಸದ್ದು ಮಾಡಿ ತೋರಿಸುತ್ತಾರೆ. 'ಚಂದ್ರಕಾಂತಾ'ದ ಶೀರ್ಷಿಕೆ ಗೀತೆ ಗುನುಗುತ್ತಾರೆ. ಕ್ರೂರ್ ಸಿಂಗ್ ಹುಬ್ಬು ಹಾರಿಸುತ್ತಾ ಹೇಳುತ್ತಿದ್ದ 'ಯಕ್ಕೂ' ಹೇಳಿ ನಗುತ್ತಾರೆ. ವಿಕ್ರಮನ ಹೆಗಲೇರಿದ ಬೇತಾಳನ ನಗು ಅನುಕರಿಸುತ್ತಾರೆ. ಆಗ ಚಿತ್ರ ಕಣ್ಣಿಗೆ ಸರಿಯಾಗಿ ಕಂಡಿದ್ದೇ ಕಡಿಮೆ. ಮಾಳಿಗೆಯ ಮೇಲಿನ ಆಂಟೆನಾ ಗಾಳಿಗೆ ತಿರುಗಿದರೆ ಕೋಟೆಯೂ ಕುದುರೆಯೂ ಚುಕ್ಕೆಗಳ ಮಳೆಯಲ್ಲಿ ಮುಳುಗುತ್ತಿದ್ದವು. ಅಡುಗೆಮನೆಯಲ್ಲಿದ್ದ ಹೆಂಗಸರು ಅರ್ಧ ಧಾರಾವಾಹಿಯನ್ನು ಕಿವಿಯಿಂದಲೇ ನೋಡಿದರು. ಹಾಗಾಗಿ ಇದು ಬಾನುಲಿಗೆ ತೀರಾ ಪರಕೀಯವಾದ ವಿಷಯವಲ್ಲ.

ಆ ಧಾರಾವಾಹಿಗಳ ಮೇಲೆ ನಮಗಿರುವ ಹಂಬಲ ನಾಚಿಕೆಪಡುವಂಥದ್ದಲ್ಲ. ಆದರೆ ಹಂಬಲಿಸುವವರಿಗೆ ಒಂದು ಋಣವೂ ಇದೆ. ಆ ಋಣ ಯಾವುದು ಎಂಬುದನ್ನು ಈ ಹದಿನೈದು ನಿಮಿಷಗಳಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ಹಿನ್ನೆಲೆ. ಕರ್ನಾಟಕದಲ್ಲಿ ಟೀವಿಯನ್ನು ಮೊದಲು ಕಂಡವರು ಬೆಂಗಳೂರಿನವರಲ್ಲ. 1975–76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೀವಿ ತಲುಪಿಸುವ ಪ್ರಯೋಗ ದೇಶದ ಆರು ರಾಜ್ಯಗಳಲ್ಲಿ ನಡೆದಾಗ, ನಮ್ಮಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಅಲ್ಲಿಯ ಜನ ಊರ ಮಧ್ಯೆ ಇಟ್ಟ ಪೆಟ್ಟಿಗೆಯ ಮುಂದೆ ಕೂತು ಬೇಸಾಯದ ಮಾತು, ಆರೋಗ್ಯದ ಮಾತು ಕೇಳಿದರು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ಮರುವರ್ಷ ದೆಹಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣ ಬಂತು, ಇಡೀ ದೇಶಕ್ಕೆ ಒಂದೇ ಹೊತ್ತಿಗೆ ಒಂದೇ ಕಾರ್ಯಕ್ರಮ ಬಿತ್ತರಿಸುವ ಏರ್ಪಾಡೂ ಬಂತು. 1985ರಲ್ಲಿ ರಮಾನಂದ ಸಾಗರ್ ಅವರ 'ವಿಕ್ರಮ್ ಔರ್ ಬೇತಾಲ್' ಬಂದಾಗ ನಮ್ಮ ಮಕ್ಕಳಿಗೆ ಮೊದಲ ಬಾರಿ ಮನೆಯೊಳಗೇ ಒಬ್ಬ ರಾಜ, ಒಂದು ಸ್ಮಶಾನ, ಒಂದು ಹೆಣ, ಒಂದು ಒಗಟು ಒಟ್ಟಿಗೆ ಸಿಕ್ಕವು. ವಿಕ್ರಮನಾಗಿದ್ದ ಅರುಣ್ ಗೋವಿಲ್ ಎರಡು ವರ್ಷದೊಳಗೆ ರಾಮನಾಗಿ ಬಂದರು. 'ರಾಮಾಯಣ'ದ ಆ ಕಂಪನಿ ಕೈಪಳಗಿಸಿಕೊಂಡದ್ದು ಬೇತಾಳನ ಮರದ ಕೆಳಗೆ.

ಇಲ್ಲಿ ಒಂದು ತೊಡಕಿತ್ತು. ಎಲ್ಲವೂ ಹಿಂದಿಯಲ್ಲಿ. ಕನ್ನಡದಲ್ಲಿ ಆಗ ಡಬ್ಬಿಂಗ್‌ಗೆ ಜಾಗವಿರಲಿಲ್ಲ, ಅದಕ್ಕೆ ಇದ್ದ ವಿರೋಧ ದಶಕಗಳಷ್ಟು ಹಳೆಯದು. ಕಲಬುರಗಿ, ಬೀದರ್ ಕಡೆಯವರಿಗೆ ಕಷ್ಟವಾಗಲಿಲ್ಲ. ಹಳೇ ಮೈಸೂರಿನಲ್ಲಿ, ಮಲೆನಾಡಿನಲ್ಲಿ ಪ್ರತಿ ಬೀದಿಗೊಬ್ಬ ದುಭಾಷಿ ಹುಟ್ಟಿಕೊಂಡ. ಹಿಂದಿ ಪ್ರಚಾರ ಸಭೆಯ ಒಂದೆರಡು ಪರೀಕ್ಷೆ ಪಾಸು ಮಾಡಿದ ಹುಡುಗನೋ, ಸೈನ್ಯದಿಂದ ಬಂದ ಚಿಕ್ಕಪ್ಪನೋ, ಮುಂಬಯಿ ಹೋಟೆಲಿನಲ್ಲಿ ದುಡಿದು ಊರಿಗೆ ಮರಳಿದ ಮಾವನೋ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ. ಅವನು ಹೇಳಿದ್ದೇ ಕಥೆ. ಗೊತ್ತಾಗದ ಕಡೆ ಅವನು ಸ್ವಂತದ್ದು ಸೇರಿಸುತ್ತಿದ್ದ, ಕೆಲವೊಮ್ಮೆ ಮೂಲಕ್ಕಿಂತ ಅದೇ ಚೆನ್ನಾಗಿರುತ್ತಿತ್ತು. ಮಧ್ಯೆ ಪ್ರಸಾರ ನಿಂತು, ಅಡಚಣೆಗೆ ವಿಷಾದ ಹೇಳುವ ಹಿಂದಿ ಫಲಕ ತೆರೆಯ ಮೇಲೆ ಬಂದರೆ ಅದಕ್ಕೆ ಮಾತ್ರ ದುಭಾಷಿ ಬೇಕಾಗುತ್ತಿರಲಿಲ್ಲ.

ಭಾಷೆ ಬಾರದವರೂ ಅಷ್ಟು ಆಸೆಯಿಂದ ನೋಡಿದ್ದೇಕೆ? ಈ ರುಚಿ ನಮಗೆ ಟೀವಿಯಿಂದ ಹತ್ತಿದ್ದಲ್ಲ. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ತಂದ ಕಾದಂಬರಿಗಳು, ಗಳಗನಾಥರ 'ಮಾಧವ ಕರುಣಾವಿಲಾಸ'ದಂಥ ಐತಿಹಾಸಿಕ ಕಾದಂಬರಿಗಳು ಕನ್ನಡಿಗರಿಗೆ ರಾತ್ರಿ ದೀಪ ಹಚ್ಚಿಕೊಂಡು ಓದುವ ಚಟ ಹಿಡಿಸಿದ್ದವು. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಜೊತೆಗೆ ಕಂಪನಿ ನಾಟಕಗಳೂ ಇದ್ದವು. ಸಿನಿಮಾದಲ್ಲಿ 1960ರ 'ರಣಧೀರ ಕಂಠೀರವ', 1961ರ 'ಕಿತ್ತೂರು ಚೆನ್ನಮ್ಮ', 1967ರ 'ಇಮ್ಮಡಿ ಪುಲಿಕೇಶಿ', 1970ರ 'ಶ್ರೀ ಕೃಷ್ಣದೇವರಾಯ' ಬಂದವು. ದೇವುಡು ಅವರ ಕಾದಂಬರಿಯಿಂದ ಬಂದ 'ಮಯೂರ' 1975ರಲ್ಲಿ ತೆರೆ ಕಂಡಿತು. ಡಾ. ರಾಜ್‌ಕುಮಾರ್ ಕಿರೀಟ ಧರಿಸಿ ನಿಂತದ್ದನ್ನು ನೋಡಿ ಬೆಳೆದ ಜನಕ್ಕೆ ಕತ್ತಿ ಹಿಡಿದ ನಾಯಕ ಹೊಸಬನಲ್ಲ. ಹೊಸದಾಗಿದ್ದದ್ದು ಅವನು ವಾರವಾರ ಮನೆಗೇ ಬರುವುದು, ಮತ್ತು ಕುತ್ತಿಗೆಗೆ ಕತ್ತಿ ಬಂದ ಹೊತ್ತಿನಲ್ಲೇ ಕಂತು ಮುಗಿದು ಏಳು ದಿನ ಕಾಯಿಸುವುದು.

ಈಗ ಮೂರು ಧಾರಾವಾಹಿಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೂರೂ ಬೇರೆ ಬೇರೆ ಬಗೆಯ ಸಾಹಸ.

ಮೊದಲನೆಯದು 'ಚಂದ್ರಕಾಂತಾ'. ನೀರಜಾ ಗುಲೇರಿ ನಿರ್ಮಿಸಿದ ಈ ಧಾರಾವಾಹಿ 1994ರಲ್ಲಿ ಶುರುವಾಯಿತು. ಮೂಲ, ದೇವಕೀನಂದನ ಖತ್ರಿ 1888ರಲ್ಲಿ ಪ್ರಕಟಿಸಿದ ಹಿಂದಿ ಕಾದಂಬರಿ. ಈ ಪುಸ್ತಕ ಓದಬೇಕೆಂಬ ಒಂದೇ ಆಸೆಗೆ ಎಷ್ಟೋ ಜನ ಹಿಂದಿ ಕಲಿತರೆಂಬುದು ಉತ್ತರ ಭಾರತದಲ್ಲಿ ಇಂದಿಗೂ ಚಾಲ್ತಿಯಲ್ಲಿರುವ ಮಾತು. ನೌಗಢ, ವಿಜಯಗಢ, ಚುನಾರಗಢ ಎಂಬ ಕೋಟೆಗಳು ಉತ್ತರ ಪ್ರದೇಶದ ವಿಂಧ್ಯದ ಕಾಡುಗಳ ಕಡೆಯವು, ಖತ್ರಿ ಆ ಕಾಡುಗಳಲ್ಲಿ ಗುತ್ತಿಗೆ ಕೆಲಸ ಮಾಡಿ ಜಾಗ ಬಲ್ಲವರು. ಆದರೆ ಕಥೆ ಯಾವ ಚರಿತ್ರೆಗೂ ಸೇರಿದ್ದಲ್ಲ. ಅದರ ಜೀವ ಇರುವುದು ಐಯಾರರಲ್ಲಿ. ಐಯಾರನೆಂದರೆ ಗೂಢಚಾರ, ವೇಷಗಾರ, ಓಟಗಾರ, ಕಳ್ಳ, ವೈದ್ಯ ಎಲ್ಲವೂ. ಸೊಂಟದ ಚೀಲದಲ್ಲಿ ಮೂರ್ಛೆ ಬರಿಸುವ ಪುಡಿ ಇರುತ್ತದೆ, ಮೂರ್ಛೆಯಿಂದ ಎಬ್ಬಿಸುವ ಮದ್ದೂ ಇರುತ್ತದೆ. ಅವನಿಗೊಂದು ನೀತಿಯೂ ಇದೆ: ಒಡೆಯನಿಗೆ ದ್ರೋಹ ಮಾಡಬಾರದು. ಇದರ ಬೇರು ಪಾರಸಿ, ಉರ್ದು ದಾಸ್ತಾನ್ ಕಥನಗಳಲ್ಲಿದೆ, ಅಮೀರ್ ಹಮ್ಜಾನ ಕಥೆಯ ಅಮರ್ ಐಯಾರ್ ಈ ಎಲ್ಲರಿಗೂ ಅಜ್ಜ.

ಧಾರಾವಾಹಿ ಕಾದಂಬರಿಯ ದಾರಿ ಬಿಟ್ಟು ಬಹುದೂರ ಹೋಯಿತು. ಆದರೆ ಐಯಾರರನ್ನು ಬಿಡಲಿಲ್ಲ. ಬದ್ರಿನಾಥನ ಪಾತ್ರದಲ್ಲಿದ್ದ ತೆಳ್ಳಗಿನ, ದೊಡ್ಡ ಕಣ್ಣಿನ ನಟ ಇರ್ಫಾನ್ ಖಾನ್. ಮುಂದೆ ಜಗತ್ತಿನ ಸಿನಿಮಾ ಅವರನ್ನು ಗುರುತಿಸಿತು, ನಾವು ಮೊದಲೇ ಗುರುತಿಸಿದ್ದೆವು. ಕ್ರೂರ್ ಸಿಂಗ್ ಆಗಿದ್ದವರು ಅಖಿಲೇಂದ್ರ ಮಿಶ್ರಾ. ಮಕ್ಕಳು ಹೆದರಬೇಕಾದ ಖಳನನ್ನು ಮಕ್ಕಳೇ ಎತ್ತಿ ಆಡಿಸಿದ ಉದಾಹರಣೆ ಅದು. ಕಾಡಿಗೆಯಲ್ಲಿ ದಪ್ಪ ಹುಬ್ಬು ಬರೆದುಕೊಂಡು 'ಯಕ್ಕೂ' ಎನ್ನುವ ಹುಡುಗರು ಆಗ ಪ್ರತಿ ಶಾಲೆಯ ವಾರ್ಷಿಕೋತ್ಸವದಲ್ಲೂ ಇದ್ದರು. 1996ರಲ್ಲಿ ನಿರ್ಮಾಪಕಿಗೂ ದೂರದರ್ಶನಕ್ಕೂ ತಕರಾರು ಎದ್ದು, ಕೋರ್ಟು ಮೆಟ್ಟಿಲೇರಿ, ಕಥೆ ನಡುದಾರಿಯಲ್ಲಿ ನಿಂತಿತು.

ಎರಡನೆಯದು 'ಚಾಣಕ್ಯ', 1991ರ ಸೆಪ್ಟೆಂಬರಿನಿಂದ 1992ರ ಆಗಸ್ಟ್‌ವರೆಗೆ 47 ಕಂತು. ಬರೆದವರು, ನಿರ್ದೇಶಿಸಿದವರು, ಚಾಣಕ್ಯನಾಗಿ ನಟಿಸಿದವರು ಒಬ್ಬರೇ, ಚಂದ್ರಪ್ರಕಾಶ ದ್ವಿವೇದಿ. ಓದಿದ್ದು ವೈದ್ಯಕೀಯ. ಇಲ್ಲಿ ಮಾಯೆ ಇಲ್ಲ, ಪುಡಿ ಇಲ್ಲ, ಕತ್ತಿಯ ಸದ್ದೂ ಕಡಿಮೆ. ತಲೆ ಬೋಳಿಸಿ ಶಿಖೆ ಬಿಚ್ಚಿದ ಒಬ್ಬ ಬ್ರಾಹ್ಮಣ ಮಾತಿನಿಂದಲೇ ಮಗಧದ ಸಿಂಹಾಸನ ಅಲುಗಾಡಿಸುತ್ತಾನೆ. ಅದರ ಸಂಸ್ಕೃತಮಯ ಹಿಂದಿ ಉತ್ತರದ ಪ್ರೇಕ್ಷಕರಿಗೇ ಕಠಿಣವೆನಿಸಿದರೆ, ನಮಗೆ ಸಲೀಸಾಗಿತ್ತು. ಸಾಮ್ರಾಜ್ಯ, ಅಮಾತ್ಯ, ಷಡ್ಯಂತ್ರ, ಪ್ರತಿಜ್ಞೆ ಎಲ್ಲವೂ ನಮ್ಮ ಮಾತೇ. ಬೀದಿಯ ದುಭಾಷಿ ಈ ಧಾರಾವಾಹಿಯಲ್ಲಿ ಕೆಲಸ ಕಳೆದುಕೊಂಡ.

ಈ ಕಥೆಗೂ ಮೈಸೂರಿಗೂ ಗಟ್ಟಿಯಾದ ನಂಟಿದೆ. ಚಾಣಕ್ಯನ ಹೆಸರಿನಲ್ಲಿ ನಾವು ಓದುವ 'ಅರ್ಥಶಾಸ್ತ್ರ' ಶತಮಾನಗಳ ಕಾಲ ಕಣ್ಮರೆಯಾಗಿತ್ತು. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿಯ ಕಟ್ಟನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಓದಿ ಅದೇನೆಂದು ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಮೂಲವನ್ನು, 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಅಚ್ಚು ಹಾಕಿಸಿದರು. ಅದಕ್ಕೂ ಮೊದಲು, 1823ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೆಂಪುನಾರಾಯಣ ಇದೇ ಚಾಣಕ್ಯ, ಚಂದ್ರಗುಪ್ತ, ಅಮಾತ್ಯ ರಾಕ್ಷಸರ ಕಥೆಯನ್ನು 'ಮುದ್ರಾಮಂಜೂಷ' ಎಂಬ ಕನ್ನಡ ಗದ್ಯವಾಗಿ ಬರೆದಿದ್ದ. ವಿಷಕನ್ಯೆ, ಮುದ್ರೆಯುಂಗುರ, ವೇಷ ಮರೆಸಿಕೊಂಡ ಗೂಢಚಾರರು ನಮ್ಮ ಓದಿಗೆ ಬಂದು ಟೀವಿಯ ಹೊತ್ತಿಗೆ ನೂರೈವತ್ತು ವರ್ಷ ದಾಟಿತ್ತು.

ಮೂರನೆಯದು 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್'. ಭಗವಾನ್ ಗಿದ್ವಾನಿ 1976ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕಾದಂಬರಿ ಅದಕ್ಕೆ ಆಧಾರ. ನಿರ್ಮಾಪಕರೂ ಟಿಪ್ಪುವಿನ ಪಾತ್ರಧಾರಿಯೂ ಸಂಜಯ್ ಖಾನ್. ಹೈದರಾಲಿಯಾಗಿದ್ದ ಶಾಹಬಾಜ್ ಖಾನ್ ಮುಂದೆ 'ಚಂದ್ರಕಾಂತಾ'ದಲ್ಲಿ ರಾಜಕುಮಾರ ವೀರೇಂದ್ರ ಸಿಂಗ್ ಆದರು. ಆ ಕಾಲದ ಧಾರಾವಾಹಿಗಳಲ್ಲಿ ಇದೊಂದು ತಮಾಷೆ. ಅವೇ ಮುಖಗಳು, ಅವೇ ಗಡ್ಡಗಳು, ಬಹುಶಃ ಅವೇ ಕುದುರೆಗಳು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ವರ್ಗವಾಗುತ್ತಿದ್ದವು.

ಮಿಕ್ಕ ಧಾರಾವಾಹಿಗಳು ದೂರದ ಕಥೆ. ಇದು ಶ್ರೀರಂಗಪಟ್ಟಣದ ಕಥೆ. ಅಲ್ಲಿಯ ದರಿಯಾ ದೌಲತ್ ಬಾಗಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ: ಆನೆ, ಕುದುರೆ, ಚೌಕಾಕಾರವಾಗಿ ನಿಂತ ಇಂಗ್ಲಿಷ್ ಪಡೆ, ಪಲ್ಲಕ್ಕಿಯಲ್ಲಿ ಕೂತ ಅವರ ಸೇನಾಪತಿ ಬೈಲಿ. ಶಾಲಾ ಪ್ರವಾಸದಲ್ಲಿ ಅದನ್ನು ನೋಡಿದ ಮಕ್ಕಳಿಗೆ ಧಾರಾವಾಹಿ ಅದೇ ಗೋಡೆ ಚಲಿಸಿದಂತೆ ಕಂಡಿರಬೇಕು.

ಹತ್ತಿರದ ಕಥೆಗೆ ಹತ್ತಿರದ ತಕರಾರುಗಳಿರುತ್ತವೆ. ಚಿತ್ರದುರ್ಗದವರಿಗೆ ಹೈದರಾಲಿ ನಾಯಕನ ತಂದೆಯಲ್ಲ, ಮದಕರಿನಾಯಕನ ಕೋಟೆಗೆ ಮುತ್ತಿಗೆ ಹಾಕಿದವನು. ತರಾಸು ಅವರ 'ದುರ್ಗಾಸ್ತಮಾನ'ಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು, ಅದನ್ನು ಓದಿ ಕಣ್ಣೀರು ಹಾಕಿದವರೇ ಐದು ವರ್ಷದ ನಂತರ ಈ ಧಾರಾವಾಹಿ ನೋಡಿದರು. ಕೊಡಗಿನ ನೆನಪು ಬೇರೆ, ಕರಾವಳಿಯ ಕ್ರೈಸ್ತರ ನೆನಪು ಬೇರೆ, ಮೇಲುಕೋಟೆಯ ನೆನಪು ಬೇರೆ, ಶ್ರೀರಂಗಪಟ್ಟಣದ ಗುಂಬಜ್‌ಗೆ ಹೂವಿಡುವವರ ನೆನಪು ಬೇರೆ. ವಿವಾದ ನ್ಯಾಯಾಲಯದವರೆಗೂ ಹೋಯಿತು. ಕೊನೆಗೆ, ಇದು ಕಾದಂಬರಿಯನ್ನು ಆಧರಿಸಿದ ಕಲ್ಪಿತ ಕಥೆ ಎಂಬ ಪ್ರಕಟಣೆಯೊಂದಿಗೆ ಧಾರಾವಾಹಿ ಪ್ರಸಾರವಾಯಿತು. ಆ ಪ್ರಕಟಣೆ ಸರಿಯಾಗಿಯೇ ಇತ್ತೆಂದು ನನ್ನ ಅಭಿಪ್ರಾಯ. ಸಾಹಸದ ಕಥೆಗೆ ಒಬ್ಬ ನಾಯಕ, ಒಬ್ಬ ಖಳ ಬೇಕೇ ಬೇಕು. ಚರಿತ್ರೆಗೆ ಆ ಅನುಕೂಲವಿಲ್ಲ. ಬಾಲ್ಯದಲ್ಲಿ ಮೆಚ್ಚಿದ ಧಾರಾವಾಹಿಯನ್ನು ಇಂದಿನ ವಾದಕ್ಕೆ ಸಾಕ್ಷಿಯಾಗಿ ಕರೆತರುವುದು ಎರಡಕ್ಕೂ ಮಾಡುವ ಅನ್ಯಾಯ. ಹಂಬಲಿಸುವವರು ನೆನಪಿಡಬೇಕಾದ ಮೊದಲ ಮಾತು ಇದು.

ಎರಡನೆಯ ಮಾತು ಇದಕ್ಕಿಂತ ಭಾರವಾದದ್ದು. ಈ ಧಾರಾವಾಹಿಯ ಚಿತ್ರೀಕರಣ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ನಡೆಯುತ್ತಿತ್ತು. ಎಂ.ಎನ್. ಬಸವರಾಜಯ್ಯನವರು ಐವತ್ತರ ದಶಕದಲ್ಲಿ ಕಟ್ಟಿದ ಆ ಸ್ಟುಡಿಯೋ ಕನ್ನಡ ಸಿನಿಮಾದ ತವರುಗಳಲ್ಲಿ ಒಂದು. 1989ರ ಫೆಬ್ರವರಿ 8ರಂದು ಅಲ್ಲಿ ಬೆಂಕಿ ಬಿತ್ತು. ಒಳಾಂಗಣದ ಗೋಡೆಗಳಿಗೆ ಗೋಣಿಚೀಲ ಹೊದಿಸಿದ್ದರು. ದೊಡ್ಡ ದೊಡ್ಡ ದೀಪಗಳು ಕುದಿಯುವಷ್ಟು ಶಾಖ ಕಾರುತ್ತಿದ್ದವು. ವೈರುಗಳು ಸಡಿಲವಾಗಿದ್ದವು, ಗಾಳಿ ಆಡಲು ದಾರಿ ಇರಲಿಲ್ಲ. 62 ಜನ ಸತ್ತರು. ಸಂಜಯ್ ಖಾನ್ ಅವರಿಗೂ ಮೈತುಂಬ ಸುಟ್ಟ ಗಾಯವಾಗಿ, ಅವರು ಒಂದು ವರ್ಷಕ್ಕೂ ಹೆಚ್ಚು ಕಾಲ ಆಸ್ಪತ್ರೆಯಲ್ಲಿದ್ದು, ಎಪ್ಪತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ತಮ್ಮ ಅಕ್ಬರ್ ಖಾನ್ ನಿರ್ದೇಶನದಲ್ಲಿ ಕೈಜೋಡಿಸಿದರು. ಒಂದು ವರ್ಷದ ನಂತರ, 1990ರ ಫೆಬ್ರವರಿಯಲ್ಲಿ, ಧಾರಾವಾಹಿ ಪ್ರಸಾರಕ್ಕೆ ಬಂತು.

ನಾವು ಅದನ್ನು ನೋಡಿದೆವು. ಸಂಜಯ್ ಖಾನ್ ಸಾವನ್ನು ಗೆದ್ದು ಬಂದ ಕಥೆಯನ್ನು ಪತ್ರಿಕೆಗಳಲ್ಲಿ ಓದಿದೆವು, ಮೆಚ್ಚಿದೆವು, ಅದು ಮೆಚ್ಚಬೇಕಾದದ್ದೇ. ಆದರೆ ಆ 62 ಜನರಲ್ಲಿ ಒಬ್ಬರ ಹೆಸರಾದರೂ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಸೆಟ್ಟಿನಲ್ಲಿ ಹಲಗೆ ಹೊಡೆಯುವವರು, ದೀಪ ಹಿಡಿಯುವವರು, ಬಟ್ಟೆ ಹೊಲಿಯುವವರು, ದರ್ಬಾರಿನ ದೃಶ್ಯದಲ್ಲಿ ಹಿಂದಿನ ಸಾಲಿನಲ್ಲಿ ಈಟಿ ಹಿಡಿದು ನಿಲ್ಲುವವರು, ಇಂಥವರ ದುಡಿಮೆ ಇಲ್ಲದೆ ಒಂದು ಅರಮನೆಯೂ ಏಳುವುದಿಲ್ಲ. ಕಂಪ್ಯೂಟರಿನಲ್ಲಿ ಸೈನ್ಯ ಸೃಷ್ಟಿಸುವ ಕಾಲ ಅದಲ್ಲ. ಸಾವಿರ ಸೈನಿಕರು ಬೇಕಿದ್ದರೆ ನೂರು ಜನರಿಗಾದರೂ ಪೇಟ ಸುತ್ತಬೇಕಿತ್ತು, ಅವರಿಗೆ ಬಿಸಿಲಿನಲ್ಲಿ ನೀರು ಕೊಡಬೇಕಿತ್ತು. ಹಳೆಯ ಧಾರಾವಾಹಿಗಳಲ್ಲಿ ನಾವು ಮೆಚ್ಚುವ ಆ 'ನಿಜತನ' ಅವರ ಮೈಮೇಲಿನದು. ಬಟ್ಟೆ ಭಾರವಾಗಿ ಕಾಣುತ್ತದೆ, ಏಕೆಂದರೆ ಅದು ಭಾರವಾಗಿತ್ತು. ಕುದುರೆಯಿಂದ ಬಿದ್ದವನು ನೋವಾದಂತೆ ಕಾಣುತ್ತಾನೆ, ಏಕೆಂದರೆ ನೋವಾಗಿತ್ತು.

ಹಾಗೆಂದು ಅಂದಿನದೆಲ್ಲ ಚಿನ್ನವೆಂದು ನಾನು ಹೇಳಲಾರೆ. ಈಗ ನೋಡಿದರೆ ದೃಶ್ಯಗಳು ಎಳೆದೆಳೆದು ಸಾಗುತ್ತವೆ. ಒಂದು ಬಾಣ ಬಿಡಲು ಮೂರು ಸಲ ಮುಖ ತೋರಿಸುತ್ತಾರೆ. ರಟ್ಟಿನ ಬಂಡೆ ರಟ್ಟೆಂದು ಗೊತ್ತಾಗುತ್ತದೆ. ರಾಜಕುಮಾರಿಗೆ ಅಳುವುದು, ಅಪಹರಣವಾಗುವುದು ಬಿಟ್ಟು ಬೇರೆ ಕೆಲಸ ಕಡಿಮೆ. ಖಳನಾದರೆ ಕಪ್ಪು ಬಣ್ಣ ಬಳಿಯುವ ಚಾಳಿಯಂತೂ ಕೆಟ್ಟದ್ದು. ಇದೇ ಕಾಲದಲ್ಲಿ ಶ್ಯಾಮ್ ಬೆನೆಗಲ್ 53 ಕಂತುಗಳ 'ಭಾರತ್ ಏಕ್ ಖೋಜ್' ಮಾಡಿ, ಕಡಿಮೆ ಆಡಂಬರದಲ್ಲಿ ಇತಿಹಾಸವನ್ನು ಯೋಚಿಸುವಂತೆ ತೋರಿಸಬಹುದೆಂದು ಸಾಬೀತು ಮಾಡಿದ್ದರು. ಶಂಕರ್ ನಾಗ್ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ಚಿತ್ರಿಸಿ, ಹಳೆಯ ಕಾಲವನ್ನು ತೋರಿಸಲು ಕಿರೀಟವೇ ಬೇಕಿಲ್ಲ ಎಂದು ತೋರಿಸಿದ್ದರು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ದೂರದರ್ಶನ ಹಳೆಯ 'ರಾಮಾಯಣ', 'ಮಹಾಭಾರತ', 'ಚಾಣಕ್ಯ'ಗಳನ್ನು ಮತ್ತೆ ಬಿತ್ತರಿಸಿತು. ದೇಶವೇ ನೋಡಿತು. ಮೂವತ್ತು ವರ್ಷದ ಹಿಂದೆ ನೋಡಿದವರು ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕೂರಿಸಿಕೊಂಡು ನೋಡಿದರು. ಅದೇ ದಿನಗಳಲ್ಲಿ ಕನ್ನಡಕ್ಕೆ ಡಬ್ ಆದ ಹೊಸ 'ಮಹಾಭಾರತ'ವನ್ನು ನಮ್ಮವರು ಮನೆಮನೆಯಲ್ಲಿ ನೋಡಿದರು, ಈ ಸಲ ದುಭಾಷಿಯ ಹಂಗಿಲ್ಲದೆ. ಕುತೂಹಲದ ಸಂಗತಿಯೆಂದರೆ ನಮ್ಮ ಮಕ್ಕಳು ಹಳೆಯ ಧಾರಾವಾಹಿಯ ರಟ್ಟಿನ ಬಂಡೆ ನೋಡಿ ನಕ್ಕರೂ ಎದ್ದು ಹೋಗಲಿಲ್ಲ. ಮುಂದೇನಾಗುತ್ತದೆ ಎಂಬ ಪ್ರಶ್ನೆಗೆ ವಯಸ್ಸಾಗುವುದಿಲ್ಲ.

ಹಳೆಯ ಧಾರಾವಾಹಿ ಮತ್ತೆ ಸಿಕ್ಕಿತೆಂದರೆ ಎಲ್ಲೋ ಒಬ್ಬರು ಅದರ ಟೇಪನ್ನು ತೇವ ತಾಗದಂತೆ, ಬೂಷ್ಟು ಹಿಡಿಯದಂತೆ ಕಾಪಾಡಿದ್ದಾರೆಂದು ಅರ್ಥ. ತೆರೆಯ ಮೇಲಿನದಕ್ಕೆ ಅಷ್ಟಾದರೂ ಕಾವಲಿದೆ. ತೆರೆಯ ಹಿಂದಿನದಕ್ಕೆ ಅದೂ ಇಲ್ಲ. ಮೈಸೂರಿನ ಸ್ಟುಡಿಯೋಗಳಲ್ಲಿ ಎಂಬತ್ತು ತೊಂಬತ್ತರ ದಶಕದಲ್ಲಿ ದುಡಿದ ಬಡಗಿಗಳು, ದರ್ಜಿಗಳು, ಮೇಕಪ್‌ನವರು, ಕುದುರೆ ಸವಾರರು, ಸಹಕಲಾವಿದರು ಈಗ ಅರವತ್ತು ಎಪ್ಪತ್ತು ದಾಟಿದ್ದಾರೆ. ಅವರ ನೆನಪು ಎಲ್ಲಿಯೂ ದಾಖಲಾಗದಿದ್ದರೆ ಅವರೊಂದಿಗೇ ಹೋಗುತ್ತದೆ.

ಆದ್ದರಿಂದ ಕೇಳುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ, ಅಂಥ ಸೆಟ್ಟುಗಳಲ್ಲಿ ಕೆಲಸ ಮಾಡಿದ ಹಿರಿಯರಿದ್ದರೆ ಅವರ ಹತ್ತಿರ ಕೂತು ಮಾತಾಡಿಸಿ. ಮೊಬೈಲಿನಲ್ಲಿ ಅವರ ಧ್ವನಿ ಹಿಡಿದಿಡಿ. ಯಾವ ದೃಶ್ಯ, ಎಷ್ಟು ಕೂಲಿ, ಯಾರು ಜೊತೆಗಿದ್ದರು ಎಂದು ಕೇಳಿ ಬರೆದಿಡಿ. ವಿಶ್ವವಿದ್ಯಾಲಯಗಳ ಪತ್ರಿಕೋದ್ಯಮ ವಿಭಾಗಗಳು ಇದನ್ನೊಂದು ಕೆಲಸವಾಗಿ ಹಮ್ಮಿಕೊಳ್ಳಲಿ. 1989ರ ಫೆಬ್ರವರಿ 8ರಂದು ಮಡಿದ 62 ಜನರ ಹೆಸರುಗಳು ಮೈಸೂರಿನಲ್ಲಿ ಎಲ್ಲರೂ ಓದಬಹುದಾದ ಜಾಗದಲ್ಲಿ ಕಲ್ಲಿನ ಮೇಲಿರಲಿ. ನಟರ ಹೆಸರು ನಮಗೆ ಬಾಯಿಪಾಠವಿದೆ. ಇವರ ಹೆಸರನ್ನೂ ಕಲಿಯೋಣ.